ಚಿಟ್ಟೆ ಮಕ್ಕಳು ಮತ್ತು ಊರಿನ ಹುಂಡಿ

ಕೊಡಗಿನ ಯಾವುದೇ ಪೇಟೆಯ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಒಂದಲ್ಲ ಒಂದು ಸಲ ಆ ಡಬ್ಬಿಯನ್ನು ನಾವೆಲ್ಲ ಕಂಡವರೇ. ಪಾರದರ್ಶಕ ಪ್ಲಾಸ್ಟಿಕ್, ಮುಚ್ಚಳದಲ್ಲಿ ಒಂದು ಸೀಳು, ಮೈಮೇಲೆ ಅಂಟಿಸಿದ ಮಗುವಿನ ಭಾವಚಿತ್ರ, ಅದರ ಕೆಳಗೆ ಉಚ್ಚರಿಸಲು ತೊಡಕಾಗುವ ಒಂದು ರೋಗದ ಹೆಸರು, ಬೇಕಾಗಿರುವ ಮೊತ್ತ, ಬ್ಯಾಂಕ್ ಖಾತೆಯ ಸಂಖ್ಯೆ. ಈಚಿನ ವರ್ಷಗಳಲ್ಲಿ ಡಬ್ಬಿಯ ಜಾಗವನ್ನು ಮೊಬೈಲ್ ಸಂದೇಶ ಆಕ್ರಮಿಸಿದೆ. ಸೀಳಿನ ಬದಲು ಕ್ಯೂಆರ್ ಕೋಡಿನ ಚೌಕ ಬಂದಿದೆ. ಆದರೆ ವ್ಯವಹಾರದ ಒಳತಿರುಳು ಅದೇ. ಒಂದು ಸಂಸಾರ ತನ್ನ ಕೈಮೀರಿದ ಸಂಕಟವನ್ನು ಊರಿನ ಮುಂದೆ ಇಡುತ್ತದೆ. ಊರು ತನ್ನ ಕೈಲಾದದ್ದನ್ನು ಹಾಕಿ ಮುಂದೆ ನಡೆಯುತ್ತದೆ.

ಇಂಥ ಮನವಿಗಳಲ್ಲಿ ಬಹುಪಾಲು ಒಂದು ಶಸ್ತ್ರಚಿಕಿತ್ಸೆಗೆ, ಒಂದು ಅಂಗಾಂಗ ಕಸಿಗೆ, ಒಂದು ಅಪಘಾತದ ಆಸ್ಪತ್ರೆ ಬಿಲ್ಲಿಗೆ ಸಂಬಂಧಿಸಿದವು. ಹಣ ಕೂಡುತ್ತದೆ, ಚಿಕಿತ್ಸೆ ನಡೆಯುತ್ತದೆ, ಕಥೆ ಸುಖವಾಗಿಯೋ ದುಃಖವಾಗಿಯೋ ಮುಗಿಯುತ್ತದೆ. ಆದರೆ ಹುಟ್ಟಿನಿಂದಲೇ ಬರುವ ಕೆಲವು ಚರ್ಮರೋಗಗಳಿವೆ. ಅವು ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಅವುಗಳ ಖರ್ಚು ಒಂದು ದಿನದ್ದಲ್ಲ, ಅವುಗಳ ಚಿಕಿತ್ಸೆಗೆ ಮುಕ್ತಾಯದ ದಿನಾಂಕವೂ ಇಲ್ಲ. ಅಂಥ ಒಂದು ಮಗುವಿಗೆ ನೆರವಾಗಬೇಕೆಂದರೆ ನಾವು ಹಣ ಕೂಡಿಸುವ ರೀತಿಯನ್ನೇ ಬದಲಿಸಿಕೊಳ್ಳಬೇಕು ಎಂಬುದು ನನ್ನ ವಾದ. ಅದನ್ನು ಕೊಡಗನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ. ಅದು ನನಗೆ ಗೊತ್ತಿರುವ ನೆಲ. ಕೈಬಿಚ್ಚಿ ಕೊಡುವುದರಲ್ಲಿ ಹಿಂದೆ ಬೀಳದ ನೆಲ.

ರೋಗದ ಹೆಸರು ಎಪಿಡರ್ಮೊಲೈಸಿಸ್ ಬುಲೋಸಾ. ವೈದ್ಯರ ಬಾಯಲ್ಲಿ ಸಂಕ್ಷಿಪ್ತವಾಗಿ ಇಬಿ. ನಮ್ಮ ಚರ್ಮದ ಹೊರಪದರವನ್ನು ಒಳಪದರಕ್ಕೆ ಬಿಗಿದು ಹಿಡಿಯುವ ಕೆಲಸವನ್ನು ಕೆಲವು ಪ್ರೋಟೀನುಗಳು ಮಾಡುತ್ತವೆ. ಅವುಗಳನ್ನು ತಯಾರಿಸುವ ವಂಶವಾಹಿಯಲ್ಲಿ ದೋಷವಿದ್ದರೆ ಎರಡು ಪದರಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಆಗ ಅಂಗಿಯ ಹೊಲಿಗೆ ಉಜ್ಜಿದರೆ ಬೊಬ್ಬೆ, ಎತ್ತಿಕೊಂಡ ತಾಯಿಯ ಹಿಡಿತ ತುಸು ಬಿಗಿಯಾದರೆ ಬೊಬ್ಬೆ. ಬೊಬ್ಬೆ ಒಡೆದಲ್ಲಿ ಗಾಯ. ಈ ಮಕ್ಕಳ ಚರ್ಮ ಚಿಟ್ಟೆಯ ರೆಕ್ಕೆಯಷ್ಟು ಸೂಕ್ಷ್ಮವೆಂದು ಲೋಕವೆಲ್ಲ ಅವರನ್ನು 'ಚಿಟ್ಟೆ ಮಕ್ಕಳು' ಎಂದು ಕರೆಯುತ್ತದೆ. ಹೆಸರು ಸುಂದರವಾಗಿದೆ. ಬದುಕು ಹಾಗಿಲ್ಲ.

ಇದರಲ್ಲಿ ನಾಲ್ಕು ಮುಖ್ಯ ಬಗೆಗಳಿವೆ. ಸೌಮ್ಯ ರೂಪದಲ್ಲಿ ಅಂಗೈ ಅಂಗಾಲುಗಳಲ್ಲಿ ಬೊಬ್ಬೆಗಳೆದ್ದು ವಯಸ್ಸಾದಂತೆ ಹೇಗೋ ನಿಭಾಯಿಸಬಹುದು. ಉಗ್ರ ರೂಪದಲ್ಲಿ, ಅಂದರೆ ಏಳನೆಯ ಬಗೆಯ ಕೊಲಾಜೆನ್ ಎಂಬ ಪ್ರೋಟೀನೇ ಇಲ್ಲದಿದ್ದಾಗ, ಗಾಯಗಳು ಕಲೆಗಟ್ಟಿ ಕೈಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮುಷ್ಟಿಯಂತಾಗುತ್ತವೆ. ಬಾಯಿ ಮತ್ತು ಅನ್ನನಾಳದ ಒಳಗೂ ಬೊಬ್ಬೆಗಳೆದ್ದು ನುಂಗುವುದು ಕಷ್ಟವಾಗುತ್ತದೆ. ಮಗು ಉಣ್ಣದೆ ಬಡವಾಗುತ್ತದೆ, ರಕ್ತಹೀನತೆ ಬಾಧಿಸುತ್ತದೆ, ಯೌವನಕ್ಕೆ ಬರುವ ಹೊತ್ತಿಗೆ ಮಾಯದ ಗಾಯಗಳ ಜಾಗದಲ್ಲಿ ಚರ್ಮದ ಕ್ಯಾನ್ಸರ್ ತಲೆಯೆತ್ತುವ ಅಪಾಯವೂ ಇದೆ. ಬುದ್ಧಿಗೆ ಯಾವ ಕೊರತೆಯೂ ಇಲ್ಲ. ತನಗೇನಾಗುತ್ತಿದೆ ಎಂಬುದನ್ನು ಆ ಮಗು ಪೂರ್ತಿ ಅರಿತೇ ಅನುಭವಿಸುತ್ತದೆ.

ಇಂಥ ಮಗುವಿರುವ ಮನೆಯ ಬೆಳಗು ಹೇಗಿರುತ್ತದೆಂದು ಊಹಿಸಿ. ಹಿಂದಿನ ದಿನದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ ಒಂದೊಂದಾಗಿ ಬಿಡಿಸಬೇಕು. ಹೊಸ ಬೊಬ್ಬೆಗಳನ್ನು ಶುದ್ಧ ಸೂಜಿಯಿಂದ ಚುಚ್ಚಿ ನೀರು ಬಸಿಯಬೇಕು. ಬಿಟ್ಟರೆ ಅವು ಹರಡುತ್ತವೆ. ಗಾಯ ತೊಳೆದು, ಮುಲಾಮು ಹಚ್ಚಿ, ಅಂಟದ ಪಟ್ಟಿಗಳನ್ನು ಸುತ್ತಬೇಕು. ಎರಡು ಮೂರು ಗಂಟೆ ಹಿಡಿಯುವ ಈ ಕೆಲಸವನ್ನು ಮಾಡುವವರು ದಾದಿಯರಲ್ಲ, ತಾಯಂದಿರು. ಮಗು ನೋವಿನಿಂದ ಕೂಗುತ್ತಿರುವಾಗ ಕೈ ನಡುಗದಂತೆ ಮಾಡಬೇಕು. ಸಾಮಾನ್ಯ ಅಂಟುಪಟ್ಟಿ ಹಾಕುವ ಹಾಗಿಲ್ಲ. ಕೀಳುವಾಗ ಚರ್ಮವೇ ಕಿತ್ತು ಬರುತ್ತದೆ. ಸಿಲಿಕೋನ್ ಲೇಪಿತ ಮೃದು ಪಟ್ಟಿಗಳು ಬೇಕು. ಅಂಗೈಯಗಲದ ಒಂದು ತುಂಡಿಗೆ ನೂರಾರು ರೂಪಾಯಿ. ಮೈತುಂಬ ಗಾಯವಿರುವ ಮಗುವಿಗೆ ಅಂಥವು ಎಷ್ಟು ಬೇಕು, ತಿಂಗಳಿಗೆ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು. ದುಡಿಯುತ್ತಿದ್ದ ಇಬ್ಬರಲ್ಲಿ ಒಬ್ಬರು ಮನೆಯಲ್ಲೇ ಉಳಿಯಬೇಕಾಗುವುದರಿಂದ ವರಮಾನ ಅರ್ಧಕ್ಕಿಳಿದಿರುತ್ತದೆ ಎಂಬುದನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು.

ರೋಗ ಅಪರೂಪದ್ದು. ಅಮೆರಿಕದ ದಾಖಲೆಗಳ ಪ್ರಕಾರ ಹತ್ತು ಲಕ್ಷ ಜನನಗಳಲ್ಲಿ ಸುಮಾರು 20 ಮಕ್ಕಳಿಗೆ ಇದು ಬರುತ್ತದೆ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಆ ಪ್ರಮಾಣವನ್ನು ಈ ಜಿಲ್ಲೆಗೆ ಅನ್ವಯಿಸಿದರೆ ಹಲವು ವರ್ಷಗಳಿಗೊಮ್ಮೆ ಒಂದು ಮಗು ಎಂದಾಗುತ್ತದೆ. ಸಂಕಟದ ಬೇರು ಇರುವುದು ಇಲ್ಲಿಯೇ. ತಾಲ್ಲೂಕಿನ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಇಂಥ ಒಂದು ಮಗುವನ್ನೂ ಕಾಣದೆ ನಿವೃತ್ತರಾಗಬಹುದು. ಔಷಧಿ ಅಂಗಡಿಯವರು ಒಬ್ಬ ಗಿರಾಕಿಗಾಗಿ ದುಬಾರಿ ಪಟ್ಟಿಗಳನ್ನು ತರಿಸಿಡುವುದಿಲ್ಲ. ಶಾಸಕರಿಗೆ ಇದು ಮತವಲ್ಲ, ಅಧಿಕಾರಿಗೆ ಇದು ಗುರಿಸಾಧನೆಯ ಅಂಕಿಯಲ್ಲ. ಮಲೇರಿಯಾಕ್ಕೆ, ಕ್ಷಯಕ್ಕೆ ಒಂದು ಇಲಾಖೆ ಇದೆ. ಒಂಟಿ ಮಗುವಿನ ಒಂಟಿ ರೋಗಕ್ಕೆ ಮನೆಯವರೇ ಇಲಾಖೆ.

ಅದರ ಮೇಲೆ ಕೊಡಗಿನ ಭೂಗೋಳ. ರೈಲೇ ಇಲ್ಲದ ಜಿಲ್ಲೆ ಇದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು, ಬೆಂಗಳೂರಿಗೆ ಅದರ ಎರಡು ಪಟ್ಟಿಗೂ ಹೆಚ್ಚು. ತಲೆಗೆ ಪೆಟ್ಟಾದವರನ್ನು, ಹೃದಯಾಘಾತವಾದವರನ್ನು ಮೈಸೂರಿಗೋ ಮಂಗಳೂರಿಗೋ ಒಯ್ಯುವಾಗ ದಾರಿಯಲ್ಲೇ ಜೀವ ಹೋಗುತ್ತಿದೆ ಎಂದು ನೊಂದ ಜನ 2019ರ ಜೂನ್‌ನಲ್ಲಿ ಕೊಡಗಿಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದರು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ ಎಂಬುದು ನಿಜ. ಆದರೆ ವಂಶವಾಹಿ ಪರೀಕ್ಷೆ, ಮಕ್ಕಳ ಚರ್ಮರೋಗದ ವಿಶೇಷ ತಜ್ಞತೆ, ಅನ್ನನಾಳ ಹಿಗ್ಗಿಸುವ ಚಿಕಿತ್ಸೆ, ಅಂಟಿದ ಬೆರಳು ಬಿಡಿಸುವ ಶಸ್ತ್ರಕ್ರಿಯೆ ಇವೆಲ್ಲಕ್ಕೂ ಘಟ್ಟ ಇಳಿಯಲೇಬೇಕು. ಮುಟ್ಟಿದರೆ ಬೊಬ್ಬೆಯೇಳುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನ ಕುಲುಕಾಟದಲ್ಲಿ ಆರೇಳು ಗಂಟೆ ಕೂರುವುದೆಂದರೆ ಅದೇ ಒಂದು ಹಿಂಸೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೊ. ಚರ್ಮದ ರೋಗ ಕಣ್ಣಿಗೆ ಕಾಣುವ ರೋಗ. ಕಂಡದ್ದಕ್ಕೆಲ್ಲ ಕಾರಣ ಹುಡುಕುವುದು ಮನುಷ್ಯ ಸ್ವಭಾವ. ಕರಾವಳಿಯಿಂದ ಘಟ್ಟದವರೆಗೆ ನಮ್ಮ ಸೀಮೆಯಲ್ಲಿ ಮೈಮೇಲಿನ ಹುಣ್ಣು, ಬೊಬ್ಬೆ, ಹುರುಪೆಗಳಿಗೆ ನಾಗದೋಷವೇ ಕಾರಣವೆಂಬ ನಂಬಿಕೆ ಬಲವಾಗಿದೆ. ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ತೀರಿಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ದಿಕ್ಕುಗಾಣದವರಿಗೆ ದೇವರ ಬಾಗಿಲು ಸಮಾಧಾನ ಕೊಡುವುದಾದರೆ ಬೇಡವೆನ್ನಲು ನಾನಾರು? ಆಕ್ಷೇಪ ಇರುವುದು ದೋಷವೆಂಬ ಮಾತು ತಾಯಿಯ ತಲೆಗೆ ಸುತ್ತಿಕೊಳ್ಳುವ ಬಗೆಗೆ. ಬಸುರಿಯಾಗಿದ್ದಾಗ ಅವಳು ಏನು ಮಾಡಿದಳು, ಯಾವ ಬನದಲ್ಲಿ ಕಾಲಿಟ್ಟಳು ಎಂಬ ವಿಚಾರಣೆ ನಡೆಯುತ್ತದೆ. ಇನ್ನು ಕೆಲವರು ಅಂಟುರೋಗವೆಂದು ಹೆದರಿ ತಮ್ಮ ಮಕ್ಕಳನ್ನು ದೂರವಿಡುತ್ತಾರೆ. ಇಬಿ ಅಂಟುವುದಿಲ್ಲ. ಅದು ಯಾರ ಪಾಪದ ಫಲವೂ ಅಲ್ಲ. ಬಹಳಷ್ಟು ಉಗ್ರ ಪ್ರಕರಣಗಳಲ್ಲಿ ತಂದೆ ತಾಯಿ ಇಬ್ಬರೂ ಪೂರ್ಣ ಆರೋಗ್ಯವಂತರಾಗಿದ್ದು, ದೋಷವುಳ್ಳ ವಂಶವಾಹಿಯ ಒಂದೊಂದು ಪ್ರತಿಯನ್ನು ತಮಗೇ ಗೊತ್ತಿಲ್ಲದೆ ಹೊತ್ತಿರುತ್ತಾರೆ. ಎರಡೂ ಪ್ರತಿಗಳು ಮಗುವಿಗೆ ಬರುವ ಸಂಭವ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು. ಕರ್ನಾಟಕದಲ್ಲಿ ರಕ್ತಸಂಬಂಧದೊಳಗಿನ ಮದುವೆಗಳು ಇಂದಿಗೂ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿವೆ ಎಂಬುದನ್ನು ಗಮನಿಸಿದರೆ ಈ ತಿಳಿವಳಿಕೆ ಎಷ್ಟು ಅಗತ್ಯ ಎಂಬುದು ಸ್ಪಷ್ಟವಾಗುತ್ತದೆ.

ಈಗ ಊರಿನ ಹುಂಡಿಯ ಮಾತಿಗೆ ಬರೋಣ. ಒಟ್ಟಾಗಿ ನಿಲ್ಲುವುದು ಕೊಡಗಿಗೆ ಹೊಸತೇನಲ್ಲ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಕುಸಿದು ಸುಮಾರು 20 ಮಂದಿ ಸತ್ತು ಸಾವಿರಾರು ಜನ ಮನೆ ಬಿಟ್ಟಾಗ, ಸಮಾಜ ಭವನಗಳು, ಶಾಲೆಗಳು, ಕಲ್ಯಾಣ ಮಂಟಪಗಳು ರಾತ್ರೋರಾತ್ರಿ ನಿರಾಶ್ರಿತರ ಮನೆಗಳಾದವು. ಜಾತಿ ಮತ ಕೇಳದೆ ಅನ್ನ ಬೇಯಿತು. ಬೇರೆ ಊರುಗಳಿಂದ ಬಂದ ಅಕ್ಕಿ, ಕಂಬಳಿಗಳನ್ನು ವಿಂಗಡಿಸಿ ಹಳ್ಳಿ ಹಳ್ಳಿಗೆ ಮುಟ್ಟಿಸಿದವರು ಕಾಲೇಜು ಹುಡುಗರು. ಸಂಘಟನೆಯ ಶಕ್ತಿಗೆ ಇನ್ನೊಂದು ಉದಾಹರಣೆ ಬೇಕಿದ್ದರೆ ಹಾಕಿ ಹಬ್ಬವನ್ನು ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬ ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ಉತ್ಸವವಾಗಿ ಗಿನ್ನೆಸ್ ದಾಖಲೆ ಸೇರಿತು. ಒಂದೊಂದು ವರ್ಷ ಒಂದೊಂದು ಒಕ್ಕ ಆತಿಥ್ಯದ ಹೊಣೆ ಹೊರುತ್ತದೆ. ಸರದಿ ತಪ್ಪುವುದಿಲ್ಲ, ಲೆಕ್ಕ ಉಳಿಯುವುದಿಲ್ಲ. ಕುಟುಂಬಗಳ ಪಟ್ಟಿ, ಸಮಿತಿ, ಖಜಾಂಚಿ, ಸ್ವಯಂಸೇವಕರು, ದೂರದೂರಿನಲ್ಲಿರುವ ಬಂಧುಗಳ ದೇಣಿಗೆ ಎಲ್ಲವೂ ಈ ಜಿಲ್ಲೆಗೆ ಕರಗತವಾಗಿರುವ ವಿದ್ಯೆ.

ಜನ ಮನಸ್ಸು ಮಾಡಿದರೆ ಏನಾಗಬಹುದು ಎಂಬುದನ್ನು ಮಾಕುಟ್ಟ ಘಟ್ಟ ಇಳಿದರೆ ಸಿಗುವ ಕಣ್ಣೂರು ಜಿಲ್ಲೆ 2021ರ ಜುಲೈನಲ್ಲಿ ತೋರಿಸಿತು. ಅಲ್ಲಿನ ಒಂದು ಹಳ್ಳಿಯ ಮಗುವಿಗೆ ಬೆನ್ನುಹುರಿಯ ಸ್ನಾಯುಕ್ಷಯ ರೋಗ. ಒಂದೇ ಒಂದು ಬಾರಿ ಕೊಡಬೇಕಾದ ಔಷಧಿಯ ಬೆಲೆ 18 ಕೋಟಿ ರೂಪಾಯಿ. ಊರವರು ಸಮಿತಿ ಮಾಡಿ ಮನವಿ ಹೊರಡಿಸಿದರು. ಒಂದು ವಾರದೊಳಗೆ ಹಣ ಕೂಡಿತು. ಸಾಕು, ಇನ್ನು ಕಳಿಸಬೇಡಿ ಎಂದು ಸಮಿತಿಯೇ ಹೇಳಿತು. ಕೊನೆಗೆ ಎಣಿಸಿದಾಗ 46 ಕೋಟಿಗೂ ಮಿಕ್ಕಿತ್ತು. ಹೆಚ್ಚುವರಿ ಹಣ ಅದೇ ರೋಗದ ಇತರ ಮಕ್ಕಳಿಗೆಂದು ನಿಶ್ಚಯವಾಯಿತು. ಅದೇ ತಿಂಗಳು ಅದೇ ರಾಜ್ಯದ ಮತ್ತೊಂದು ಮಗು, ಬೇಕಾದ ಹಣದ ಬಹುಪಾಲು ಖಾತೆಗೆ ಬಂದಿದ್ದಾಗಲೇ ತೀರಿಕೊಂಡಿತು. ಹನಿಗೂಡಿದರೆ ಹಳ್ಳ ಎಂಬ ಮಾತು ಎಷ್ಟು ನಿಜವೋ, ಹಳ್ಳ ತುಂಬುವ ಹೊತ್ತಿಗೆ ಬಾಯಾರಿದವರು ಉಳಿದಿರುತ್ತಾರೆ ಎನ್ನುವ ಭರವಸೆಯಿಲ್ಲ ಎಂಬುದೂ ಅಷ್ಟೇ ನಿಜ.

ಇಬಿಯ ಮಗುವಿನ ವಿಷಯದಲ್ಲಿ ಈ ಬಗೆಯ ಮಹಾಪೂರ ಇನ್ನೊಂದು ಕಾರಣಕ್ಕೆ ಸಾಲದಾಗುತ್ತದೆ. ಇಲ್ಲಿ 18 ಕೋಟಿಯ ಒಂದು ಚುಚ್ಚುಮದ್ದು ಇಲ್ಲ. ಬೇಕಾದದ್ದು ತಿಂಗಳು ತಿಂಗಳೂ ಪಟ್ಟಿ, ಮುಲಾಮು, ಪೌಷ್ಟಿಕ ಆಹಾರ, ಕಬ್ಬಿಣದ ಅಂಶ, ದಂತವೈದ್ಯ, ಆಗಾಗ ಒಂದು ಶಸ್ತ್ರಕ್ರಿಯೆ, ಜತೆಗೆ ಓಡಾಟದ ಖರ್ಚು. ಮೊದಲ ಮನವಿಗೆ ಊರೆಲ್ಲ ಕರಗುತ್ತದೆ. ಎರಡನೆಯದಕ್ಕೆ ಅರ್ಧ ಊರು. ಮೂರನೆಯ ಸಲ ಅದೇ ಚಿತ್ರ ಮೊಬೈಲಿಗೆ ಬಂದಾಗ, 'ಇವರಿಗೆ ಆಗಲೇ ಕೊಟ್ಟಿದ್ದೆವಲ್ಲ' ಎಂಬ ಮಾತು ಕೇಳಿಬರುತ್ತದೆ. ಕೊಟ್ಟವರು ಕೆಟ್ಟವರಾದರೆಂದಲ್ಲ. ಕರುಣೆ ಎನ್ನುವುದು ಸ್ವಭಾವತಃ ಮಳೆಗಾಲದ ತೊರೆ. ಬೇಸಿಗೆಯಲ್ಲೂ ಹರಿಯಬೇಕಾದರೆ ಅದಕ್ಕೊಂದು ಕಟ್ಟೆ ಬೇಕು. ಇಂಥ ಸಮಿತಿಗಳ ಜೊತೆ ಓಡಾಡಿರುವ ನನಗೆ ಪದೇಪದೇ ಕಂಡದ್ದು ಇದೇ: ಹಣಕ್ಕಿಂತ ಮೊದಲು ದಣಿಯುವುದು ಗಮನ.

ಎರಡನೆಯ ಕೊರತೆ ಇನ್ನೂ ಸೂಕ್ಷ್ಮವಾದದ್ದು. ಮನವಿ ಗೆಲ್ಲಬೇಕಾದರೆ ಮನವಿ ಮಾಡಲು ಬರಬೇಕು. ಪರಿಚಯದ ಪತ್ರಕರ್ತ, ಬೆಂಗಳೂರಿನಲ್ಲಿರುವ ಚಿಕ್ಕಪ್ಪ, ದುಬೈಯಲ್ಲಿರುವ ಸಹಪಾಠಿ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬಲ್ಲ ಅಕ್ಕ ಇರಬೇಕು. ದೇಶದ ಕಾಫಿಯಲ್ಲಿ ಮೂರನೆಯ ಒಂದರಷ್ಟನ್ನು ಬೆಳೆಯುವ ಈ ಜಿಲ್ಲೆಯ ತೋಟಗಳ ಲೈನ್‌ಮನೆಗಳಲ್ಲಿ ಎರವರು, ಕುರುಬರು, ದೂರದ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು ಇದ್ದಾರೆ. ಅವರ ಮನೆಯಲ್ಲಿ ಅಂಥ ಮಗು ಹುಟ್ಟಿದರೆ ಡಬ್ಬಿಯ ಮೇಲೆ ಅಂಟಿಸಲು ಚಿತ್ರ ತೆಗೆಯುವವರು ಯಾರು? ಆ ಮಗುವಿನ ರೋಗಕ್ಕೆ ಹೆಸರಿಡುವ ವೈದ್ಯರ ತನಕವಾದರೂ ಅದು ತಲುಪೀತೆ? ವಂಶವಾಹಿಯ ದೋಷ ಬಡವ ಬಲ್ಲಿದ ನೋಡುವುದಿಲ್ಲ. ಹುಂಡಿ ನೋಡುತ್ತದೆ.

ಮೂರನೆಯದು ಮಗುವಿನ ಮಾನದ ಪ್ರಶ್ನೆ. ಹೆಚ್ಚು ಹಣ ಬರಲೆಂದು ಹಸಿಗಾಯಗಳ ಚಿತ್ರ, ಅಳುವ ಮುಖದ ವಿಡಿಯೊ ಹರಿಬಿಡುವ ಅಭ್ಯಾಸ ಬೆಳೆದಿದೆ. ಆ ಮಗು ನಾಳೆ ಶಾಲೆಗೆ ಹೋಗಬೇಕು, ಮುಂದೆ ಕೆಲಸ ಹುಡುಕಬೇಕು. ತನ್ನ ಬೆತ್ತಲೆ ಗಾಯದ ಚಿತ್ರ ಅಳಿಸಲಾಗದಂತೆ ಸಾವಿರಾರು ಮೊಬೈಲುಗಳಲ್ಲಿ ಉಳಿದಿದೆ ಎಂಬುದು ಅದಕ್ಕೆ ತಿಳಿಯುವ ದಿನ ಬರುತ್ತದೆ. ನೆರವು ಪಡೆಯಲು ಮಗು ತನ್ನ ಗೋಪ್ಯತೆಯನ್ನು ಬೆಲೆಯಾಗಿ ತೆರಬೇಕೆ? ವೈದ್ಯರ ಪ್ರಮಾಣಪತ್ರ, ಅಂದಾಜು ಖರ್ಚಿನ ಪಟ್ಟಿ, ಊರಿನ ನಾಲ್ವರು ನಂಬುಗೆಯ ಜನರ ಸಹಿ ಇವು ಸಾಕಾಗಬೇಕು. ಸಾಕಾಗದಿದ್ದರೆ ಕೊರತೆಯಿರುವುದು ನಮ್ಮ ನಂಬಿಕೆಯಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ ಸರಕಾರದ ಮಾತು ಬರಲೇಬೇಕು. 2021ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ರೋಗಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಮೊದಲ ಗುಂಪಿನವರಿಗೆ 20 ಲಕ್ಷ ರೂಪಾಯಿವರೆಗೆ ನೆರವು ಎಂದಿತು. 2022ರ ಮೇ ತಿಂಗಳಲ್ಲಿ ಅದನ್ನು ಮೂರೂ ಗುಂಪುಗಳಿಗೆ ವಿಸ್ತರಿಸಿ 50 ಲಕ್ಷಕ್ಕೇರಿಸಿತು. ದೇಶದ ಆಯ್ದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ಮಾತ್ರ ಈ ನೆರವು ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಜಂಟಿಯಾಗಿ ಆ ಜವಾಬ್ದಾರಿ ಹೊತ್ತಿವೆ. ಇದು ಸ್ವಾಗತಾರ್ಹ ಹೆಜ್ಜೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೀತಿಯ ಬಾಗಿಲು ತೆರೆಯುವುದು ಅದರ ಪಟ್ಟಿಯಲ್ಲಿ ಹೆಸರಿರುವ ರೋಗಗಳಿಗೆ. ತಂದೆ ತಾಯಿ ಮೊದಲು ಕೇಳಬೇಕಾದ ಪ್ರಶ್ನೆ 'ನಮ್ಮ ಮಗುವಿಗೆ ಏನಾಗಿದೆ' ಎಂಬುದಲ್ಲ, 'ನಮ್ಮ ಮಗುವಿನ ರೋಗ ಪಟ್ಟಿಯಲ್ಲಿದೆಯೆ' ಎಂಬುದು. ಇನ್ನೂ ವಿಚಿತ್ರವೆಂದರೆ, ಅತಿ ದುಬಾರಿ ಚಿಕಿತ್ಸೆಗಳಿಗೆ ಸಾರ್ವಜನಿಕರಿಂದ ದೇಣಿಗೆ ಎತ್ತಲು ಅದೇ ನೀತಿ ಒಂದು ಅಂತರಜಾಲ ತಾಣವನ್ನೂ ಸ್ಥಾಪಿಸಿತು. ತೆರಿಗೆ ಎತ್ತುವ ಅಧಿಕಾರವಿರುವ ಸರಕಾರವೇ ಅಂಗಡಿಯ ಮುಂದೆ ಡಬ್ಬಿ ಹಿಡಿದು ನಿಂತರೆ ಪ್ರಜೆಗಳು ಯಾರ ಮುಂದೆ ನಿಲ್ಲಬೇಕು?

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಡುತ್ತದೆ. ಆದರೆ ಅದರ ರಚನೆಯೇ ಆಸ್ಪತ್ರೆಗೆ ದಾಖಲಾಗುವ ರೋಗಿಯನ್ನು ಕೇಂದ್ರವಾಗಿಟ್ಟುಕೊಂಡದ್ದು. ಬೆರಳು ಬಿಡಿಸುವ ಶಸ್ತ್ರಕ್ರಿಯೆಗೆ ಅಲ್ಲಿ ದಾರಿಯಿದ್ದೀತು. ಆ ಬೆರಳುಗಳು ಮತ್ತೆ ಅಂಟದಂತೆ ದಿನವೂ ಮನೆಯಲ್ಲಿ ಸುತ್ತಬೇಕಾದ ಪಟ್ಟಿಗೆ ದಾರಿಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಕುಷ್ಠದಿಂದ ಗುಣಹೊಂದಿದವರು, ಆಸಿಡ್ ದಾಳಿಗೆ ತುತ್ತಾದವರು ಅದರಲ್ಲಿದ್ದಾರೆ. ಥಲಸ್ಸೀಮಿಯ, ಹಿಮೊಫಿಲಿಯ, ಕುಡಗೋಲು ಕಣ ರೋಗಗಳೂ ಇವೆ. ಹುಟ್ಟಿನಿಂದ ಬರುವ ಚರ್ಮರೋಗಗಳ ಹೆಸರಿಲ್ಲ. ಬೆರಳುಗಳೇ ಮುಷ್ಟಿಯಾದ ಮೇಲೆ ಚಲನ ವೈಕಲ್ಯದ ಲೆಕ್ಕದಲ್ಲಿ ಪ್ರಮಾಣಪತ್ರ ದೊರೆಯಬಹುದು. ಅಂದರೆ, ತಡೆಯಬಹುದಾಗಿದ್ದ ಹಾನಿ ಸಂಭವಿಸುವ ತನಕ ಕಾಯಬೇಕು ಎಂದಾಯಿತು. ಅಪರೂಪದ ರೋಗ ಬಡವರ ಕೇರಿಯಲ್ಲಿ ಬೀಡುಬಿಟ್ಟರೆ ಎಷ್ಟು ದಶಕ ನರಳಬೇಕಾದೀತು ಎಂಬುದಕ್ಕೆ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ಕನ್ನಡಿಗರ ಕಣ್ಣೆದುರಿಗೇ ಇದೆ.

ಸಾವಿರಾರು ಬಡ ಮಕ್ಕಳು ಭೇದಿಯಿಂದ, ಅಪೌಷ್ಟಿಕತೆಯಿಂದ ಬಳಲುತ್ತಿರುವಾಗ ಒಂದು ಮಗುವಿನ ಮೇಲೆ ಇಷ್ಟು ಸುರಿಯುವುದು ನ್ಯಾಯವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಕಠಿಣವಾದರೂ ಅಪ್ರಾಮಾಣಿಕವಲ್ಲ. ಕೋಟಿಗಟ್ಟಲೆ ಬೆಲೆಯ ಔಷಧಿಗಳ ವಿಷಯದಲ್ಲಿ ಅದಕ್ಕೆ ಸುಲಭದ ಉತ್ತರವೂ ಇಲ್ಲ. ಆದರೆ ಇಬಿಯ ಮಗು ಕೇಳುತ್ತಿರುವುದು ಗಾಯಕ್ಕೆ ಕಟ್ಟುವ ಬಟ್ಟೆಯನ್ನು. ಗಾಯ ಕಟ್ಟುವುದು ವೈದ್ಯಕೀಯದ ಅತ್ಯಂತ ಪುರಾತನ ಕರ್ತವ್ಯ. ಅದನ್ನು ಲಾಭ ನಷ್ಟದ ತಕ್ಕಡಿಯಲ್ಲಿಟ್ಟು ತೂಗುವ ಸಮಾಜ ನಾಳೆ ಯಾವುದನ್ನು ತೂಗದೆ ಬಿಟ್ಟೀತು? ಅಲ್ಲದೆ, ಒಂದು ಮಗುವಿಗೆಂದು ಜಿಲ್ಲಾಸ್ಪತ್ರೆಯ ದಾದಿಯೊಬ್ಬರು ಸೂಕ್ಷ್ಮ ಗಾಯಗಳ ಆರೈಕೆ ಕಲಿತರೆ ಅದರ ಪ್ರಯೋಜನ ಸುಟ್ಟಗಾಯದವರಿಗೆ, ಸಕ್ಕರೆ ಕಾಯಿಲೆಯ ಹುಣ್ಣಿನವರಿಗೆ, ಹಾಸಿಗೆ ಹಿಡಿದ ಮುದುಕರಿಗೂ ಸಲ್ಲುತ್ತದೆ.

ವಿಜ್ಞಾನ ಸುಮ್ಮನೆ ಕೂತಿಲ್ಲ. 2015ರಲ್ಲಿ ಜರ್ಮನಿಯ ಬೋಖಮ್ ನಗರದ ಆಸ್ಪತ್ರೆಗೆ ಬಂದ ಸಿರಿಯಾದ ನಿರಾಶ್ರಿತ ಕುಟುಂಬದ ಏಳು ವರ್ಷದ ಹುಡುಗನೊಬ್ಬ ಇಬಿಯಿಂದ ಮೈಯ ಬಹುಭಾಗದ ಹೊರಚರ್ಮವನ್ನು ಕಳೆದುಕೊಂಡಿದ್ದ. ಇಟಲಿಯ ಮಿಕೆಲೆ ಡಿ ಲೂಕಾ ಅವರ ತಂಡ ಆತನದೇ ಜೀವಕೋಶಗಳಲ್ಲಿ ವಂಶವಾಹಿಯನ್ನು ಸರಿಪಡಿಸಿ, ಪ್ರಯೋಗಾಲಯದಲ್ಲಿ ಚರ್ಮ ಬೆಳೆಸಿಕೊಟ್ಟಿತು. ಹುಡುಗನ ಮೈಯ ಸುಮಾರು ಶೇ. 80ರಷ್ಟು ಹೊರಚರ್ಮವನ್ನು ಹೀಗೆ ಬದಲಿಸಿದ ವರದಿ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗಾಯದ ಮೇಲೆ ಹಚ್ಚುವ, ವಂಶವಾಹಿ ಹೊತ್ತ ಲೇಪನವೊಂದಕ್ಕೆ 2023ರ ಮೇ ತಿಂಗಳಲ್ಲಿ, ಸರಿಪಡಿಸಿದ ಚರ್ಮದ ಹಾಳೆಗಳಿಗೆ 2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು. ಬೆಲೆ ಲಕ್ಷಾಂತರ ಡಾಲರುಗಳಲ್ಲಿ. ಈ ಸುದ್ದಿಗಳು ಆಸೆ ಹುಟ್ಟಿಸುತ್ತವೆ, ಹುಟ್ಟಿಸಬೇಕು. ಆದರೆ 'ವಿದೇಶಕ್ಕೆ ಒಯ್ದರೆ ಪೂರ್ತಿ ಗುಣ' ಎಂದು ಮನವಿಗಳಲ್ಲಿ ಬರೆಯುವುದು ಆ ತಾಯಿಗೂ ಕೊಡುವವರಿಗೂ ಮಾಡುವ ಅನ್ಯಾಯ. ನಾಳೆಯ ಚಿಕಿತ್ಸೆ ಕೈಗೆಟುಕುವ ದಿನದವರೆಗೆ ಮಗುವಿನ ಬೆರಳು, ಅನ್ನನಾಳ, ತೂಕ ಉಳಿದಿರಬೇಕು. ಉಳಿಸುವುದು ಇಂದಿನ ಪಟ್ಟಿ.

ಆದ್ದರಿಂದ ಕೊಡಗು ಮಾಡಬಹುದಾದದ್ದು ಇಷ್ಟು. ಮೊದಲನೆಯದಾಗಿ, ಒಂದು ಮಗುವಿನ ಹೆಸರಿನ ತಾತ್ಕಾಲಿಕ ಖಾತೆಗಳ ಬದಲಿಗೆ ಜಿಲ್ಲೆಗೆಲ್ಲ ಒಂದು ಶಾಶ್ವತ ನಿಧಿ ಇರಲಿ. ಅದು ನೋಂದಾಯಿತ ಟ್ರಸ್ಟ್ ಆಗಿರಲಿ. ಬಂಧುಗಳಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚಿನ ಕೊಡುಗೆ ವ್ಯಕ್ತಿಯೊಬ್ಬರ ಖಾತೆಗೆ ನೇರವಾಗಿ ಬಂದರೆ ಅದನ್ನು ಆದಾಯವೆಂದು ಎಣಿಸಿ ತೆರಿಗೆ ಕೇಳುವ ಸಂಭವವಿದೆ. ಸಂಕಟದಲ್ಲಿರುವ ತಂದೆಗೆ ಇದು ಗೊತ್ತಿರುವುದಿಲ್ಲ. ಎರಡನೆಯದಾಗಿ, ಒಮ್ಮೆಗೆ ಐದು ಸಾವಿರ ಕೊಡುವವರಿಗಿಂತ ತಿಂಗಳಿಗೆ ನೂರು ರೂಪಾಯಿಯಂತೆ ವರ್ಷಗಟ್ಟಲೆ ಕೊಡುವವರನ್ನು ಹುಡುಕಬೇಕು. ಕಾಫಿಯ ಹಣ ಕೈಸೇರುವ ತಿಂಗಳುಗಳಲ್ಲಿ ಬೆಳೆಗಾರರು, ಹಬ್ಬದ ಖರ್ಚಿನಲ್ಲಿ ಒಂದು ಪಾಲನ್ನು ಸಮಾಜಗಳು, ಪಂದ್ಯದ ಉಳಿಕೆಯಲ್ಲಿ ಒಂದು ಭಾಗವನ್ನು ಆತಿಥೇಯ ಒಕ್ಕಗಳು, ಮಸೀದಿ, ಚರ್ಚು, ದೇವಸ್ಥಾನಗಳು ತಮ್ಮ ತಮ್ಮ ಕಾಣಿಕೆಯನ್ನು ಸೇರಿಸಬಹುದು. ಮೂರನೆಯದಾಗಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಪ್ರಕಟವಾಗಬೇಕು. 1957ರಿಂದ ಮಡಿಕೇರಿಯಿಂದ ಹೊರಡುತ್ತಿರುವ 'ಶಕ್ತಿ'ಯಂಥ ಸ್ಥಳೀಯ ಪತ್ರಿಕೆ ಇರುವ ಜಿಲ್ಲೆಯಲ್ಲಿ ಅದಕ್ಕೆ ಜಾಗ ಸಿಗದಿರಲಾರದು. ಹಣ ಉಳಿದರೆ, ಮಗುವೇ ಉಳಿಯದಿದ್ದರೆ, ಆ ಮೊತ್ತ ಯಾರಿಗೆ ಸಲ್ಲಬೇಕೆಂಬುದನ್ನು ಮೊದಲ ದಿನವೇ ಬರೆದಿಡಬೇಕು. ನಾಲ್ಕನೆಯದಾಗಿ, ನಿಧಿ ತಾನಾಗಿಯೇ ಮಗುವನ್ನು ಹುಡುಕಿಕೊಂಡು ಹೋಗಬೇಕು. ಲೈನ್‌ಮನೆಯ ಬಾಗಿಲಿನವರೆಗೆ ಹೋಗುವವರು ಆಶಾ ಕಾರ್ಯಕರ್ತೆಯರು; ಹುಟ್ಟಿದ ಮಗುವಿನ ಮೈಮೇಲೆ ಕಾರಣವಿಲ್ಲದ ಬೊಬ್ಬೆ ಕಂಡರೆ ಎಲ್ಲಿಗೆ ತಿಳಿಸಬೇಕೆಂಬುದು ಅವರಿಗೆ ಗೊತ್ತಿದ್ದರೆ ಸಾಕು.

ಸರಕಾರ ಮಾಡಬೇಕಾದದ್ದೂ ದೊಡ್ಡದೇನಲ್ಲ. ಅಂಟದ ಪಟ್ಟಿಗಳನ್ನು ಅಗತ್ಯ ಚಿಕಿತ್ಸೆಯೆಂದು ಒಪ್ಪಿ ಜಿಲ್ಲಾಸ್ಪತ್ರೆಗಳ ಮೂಲಕ ಉಚಿತವಾಗಿ ಕೊಡಬೇಕು. ರಾಜ್ಯಕ್ಕೆಲ್ಲ ಒಟ್ಟಾಗಿ ಕೊಂಡರೆ ಬೆಲೆಯೂ ಇಳಿಯುತ್ತದೆ. ಮಡಿಕೇರಿಯ ವೈದ್ಯರು ಬೆಂಗಳೂರಿನ ತಜ್ಞರೊಂದಿಗೆ ದೂರಸಂಪರ್ಕದಲ್ಲೇ ಸಮಾಲೋಚಿಸುವ ವ್ಯವಸ್ಥೆಯಾದರೆ ಎಷ್ಟೋ ಪ್ರಯಾಣ ತಪ್ಪುತ್ತದೆ. ಮುಂದಿನ ಬಸಿರಿಗೆ ಮೊದಲು ವಂಶವಾಹಿ ಸಲಹೆ ಪಡೆಯುವುದು ಪ್ರತಿ ದಂಪತಿಯ ಹಕ್ಕಾಗಬೇಕು. ನೆರೆಯ ಕೇರಳ 2024ರಲ್ಲಿ ಅಪರೂಪದ ರೋಗಗಳಿಗೆಂದೇ 'ಕೇರ್' ಎಂಬ ರಾಜ್ಯ ಯೋಜನೆಯನ್ನು ಆರಂಭಿಸಿತು. ತಳಿವಿಜ್ಞಾನದ ಶ್ರೇಷ್ಠ ಕೇಂದ್ರವನ್ನು ತನ್ನ ರಾಜಧಾನಿಯಲ್ಲೇ ಇಟ್ಟುಕೊಂಡಿರುವ ಕರ್ನಾಟಕಕ್ಕೆ ಅದು ಅಸಾಧ್ಯವಲ್ಲ.

ಊರಿನ ನೆರವು ಸರಕಾರದ ಹೊಣೆಯನ್ನು ಮನ್ನಾ ಮಾಡುವುದಿಲ್ಲ. ಸರಕಾರ ಎಚ್ಚರಗೊಳ್ಳುವ ತನಕ ಮಗು ಕಾಯುವುದೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು. ನಿನ್ನ ಗದ್ದೆಯ ನಾಟಿಗೆ ನಾನು, ನನ್ನ ಗದ್ದೆಯ ನಾಟಿಗೆ ನೀನು. ಅದು ದಾನವಾಗಿರಲಿಲ್ಲ, ಯಾರೂ ಅದಕ್ಕೆ ಕೃತಜ್ಞತೆ ಬೇಡುತ್ತಿರಲಿಲ್ಲ. ಮುಂದಿನ ಮಗು ಯಾರ ಮನೆಯಲ್ಲಿ ಹುಟ್ಟುತ್ತದೆಂಬುದು ಯಾವ ವಂಶಕ್ಕೂ ಗೊತ್ತಿಲ್ಲದಿರುವಾಗ, ಪಟ್ಟಿಯ ಖರ್ಚಿಗೆ ತಿಂಗಳಿಗೆ ನೂರು ರೂಪಾಯಿ ಹಾಕುವುದನ್ನೂ ಆ ಲೆಕ್ಕಕ್ಕೇ ಸೇರಿಸುವುದು ಸರಿ.